ಕಣ್ಣೀರಿಲ್ಲದೆ ಈರುಳ್ಳಿ ಹೆಚ್ಚುವುದು: ಚಾಕು ಮೊದಲು, ಉಪಾಯಗಳು ಆಮೇಲೆ

ಈರುಳ್ಳಿ ಹೆಚ್ಚುವಾಗ ಕಣ್ಣುರಿಯದಿರಲು ಏನು ಮಾಡಬೇಕು ಅಂತ ಕೇಳಿ ನೋಡಿ, ತಲೆಗೊಂದು ಉಪಾಯ ಸಿಗುತ್ತದೆ. ಬ್ರೆಡ್ ತುಂಡು ಕಚ್ಚಿಕೊಳ್ಳಿ ಅನ್ನುವವರಿದ್ದಾರೆ, ಪಕ್ಕದಲ್ಲಿ ಮೇಣದಬತ್ತಿ ಹಚ್ಚಿಡಿ ಅನ್ನುವವರಿದ್ದಾರೆ, ಬಾಯಲ್ಲಿ ನೀರು ತುಂಬಿಕೊಳ್ಳಿ ಅನ್ನುವವರೂ ಇದ್ದಾರೆ. ಚಾಕುವಿನ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಕಣ್ಣೀರಿನ ಹೆಚ್ಚಿನ ಪಾಲು ನಿರ್ಧಾರವಾಗುವುದು ಚಾಕುವಿನ ಅಲಗಿನಲ್ಲಿ ಮತ್ತು ಯಾವ ಕಡೆಯಿಂದ ಎಷ್ಟು ಸಲ ಕತ್ತರಿಸುತ್ತೇವೆ ಅನ್ನುವುದರಲ್ಲಿ. ಉಳಿದ ಪಾಲಿಗೆ ಗಾಳಿ, ತಂಪು, ಕನ್ನಡಕ ಎಲ್ಲ ಬರುತ್ತವೆ.

ಇಡಿಯಾಗಿರುವ ಈರುಳ್ಳಿ ಕಣ್ಣಿಗೆ ಏನೂ ಮಾಡುವುದಿಲ್ಲ. ಸಿಪ್ಪೆ ಸುಲಿದು ಇಟ್ಟರೂ ಹೆಚ್ಚುಕಡಿಮೆ ಸುಮ್ಮನೇ ಇರುತ್ತದೆ. ಅದರ ಒಂದೊಂದು ಜೀವಕೋಶದಲ್ಲೂ ಗಂಧಕವಿರುವ ಐಸೋಅಲಿನ್ ಎಂಬ ಸಂಯುಕ್ತ ಒಂದು ಭಾಗದಲ್ಲಿ, ಅದನ್ನು ಒಡೆಯುವ ಅಲಿನೇಸ್ ಎಂಬ ಕಿಣ್ವ ಇನ್ನೊಂದು ಭಾಗದಲ್ಲಿ ಬೇರೆಬೇರೆಯಾಗಿ ಇರುತ್ತವೆ. ಕೋಶ ಒಡೆದ ಕ್ಷಣ ಎರಡೂ ಕಲೆಯುತ್ತವೆ. ಮೊದಲು ಒಂದು ಅಸ್ಥಿರ ಆಮ್ಲ ಹುಟ್ಟುತ್ತದೆ, ಎರಡನೆಯ ಕಿಣ್ವವೊಂದು ಅದನ್ನು ಹಿಡಿದು ಪ್ರೊಪೇನ್‌ಥಯಲ್ ಎಸ್-ಆಕ್ಸೈಡ್ ಎಂಬ ಆವಿಯಾಗಿ ಬದಲಿಸುತ್ತದೆ. ಕಣ್ಣಿಗೆ ಬಂದು ಮುಟ್ಟುವುದು ಇದೇ.

ಈ ಎರಡನೆಯ ಕಿಣ್ವ ಇದೆ ಅಂತ ಗೊತ್ತಾಗಿದ್ದೇ 2002ರಲ್ಲಿ. ಅಲ್ಲಿಯವರೆಗೆ ಆವಿ ತಾನಾಗಿಯೇ ಆಗುತ್ತದೆ ಅಂದುಕೊಂಡಿದ್ದರು. ಜಪಾನಿನ ಹೌಸ್ ಫುಡ್ಸ್ ಕಂಪನಿಯ ಸಂಶೋಧಕರು ಅದನ್ನು ಬೇರ್ಪಡಿಸಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು, 2013ರಲ್ಲಿ ಅವರಿಗೆ ಇಗ್ ನೊಬೆಲ್ ಕೂಡ ಬಂತು (ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ ಅದು). ಬೆಳ್ಳುಳ್ಳಿ ಅಷ್ಟು ಘಾಟಾಗಿದ್ದರೂ ಜಜ್ಜುವಾಗ ಯಾಕೆ ಅಳಿಸುವುದಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ: ಅದರಲ್ಲಿ ಅಲಿನೇಸ್ ಇದೆ, ಆದರೆ ಗಂಧಕದ ಸಂಯುಕ್ತ ಬೇರೆ, ಈ ಎರಡನೆಯ ಕಿಣ್ವವೂ ಇಲ್ಲ.

ಆವಿ ಕಣ್ಣಿನ ಮುಂಭಾಗದ ಕಾರ್ನಿಯಾ ಪದರದ ನರತುದಿಗಳನ್ನು ಕೆರಳಿಸುತ್ತದೆ. ಮಿದುಳು ಕಣ್ಣೀರು ಗ್ರಂಥಿಗೆ ತೊಳೆದು ಹಾಕು ಅನ್ನುತ್ತದೆ, ಅಷ್ಟೇ. ಗಂಧಕಾಮ್ಲ ಉಂಟಾಗಿ ಕಣ್ಣು ಸುಡುತ್ತದೆ ಎಂಬ ಹೆದರಿಕೆಯ ಮಾತು ಆಗಾಗ ಕೇಳಿಬರುತ್ತದೆ. ಅಡುಗೆಮನೆಯ ಪ್ರಮಾಣದಲ್ಲಿ ಕಣ್ಣಿಗೆ ಶಾಶ್ವತ ತೊಂದರೆಯೇನೂ ಆಗುವುದಿಲ್ಲ.

ಇಷ್ಟರಲ್ಲಿ ನಮಗೆ ಬೇಕಾದ್ದು ಎರಡು ವಿಷಯ. ಒಂದು, ಎಷ್ಟು ಕೋಶ ಒಡೆಯಿತೋ ಅಷ್ಟು ಆವಿ. ಎರಡು, ಕತ್ತರಿಸಿದ ಸುಮಾರು ಅರ್ಧ ನಿಮಿಷಕ್ಕೆ ಆವಿ ತಾರಕಕ್ಕೆ ಏರಿ, ಐದು ನಿಮಿಷದ ಹೊತ್ತಿಗೆ ಹೊಸದಾಗಿ ಹುಟ್ಟುವುದು ಬಹುಮಟ್ಟಿಗೆ ನಿಲ್ಲುತ್ತದೆ. ಮುಂದೆ ಹೇಳುವುದೆಲ್ಲ ಈ ಎರಡರಲ್ಲೊಂದರ ಮೇಲೆ ನಿಂತಿದೆ. ಯಾವುದೇ ಹೊಸ ಉಪಾಯ ಕೇಳಿದಾಗಲೂ ಇದೇ ಪರೀಕ್ಷೆ ಸಾಕು: ಅದು ಒಡೆಯುವ ಕೋಶ ಕಡಿಮೆ ಮಾಡುತ್ತದೆಯೇ, ಇಲ್ಲವೇ ಆವಿ ಕಣ್ಣಿಗೆ ತಲುಪುವುದನ್ನು ತಪ್ಪಿಸುತ್ತದೆಯೇ? ಎರಡೂ ಇಲ್ಲದಿದ್ದರೆ ಬಿಟ್ಟುಬಿಡಿ.

ಚಾಕು

ಮೊಂಡು ಚಾಕುವನ್ನು ಈರುಳ್ಳಿಯ ಮೇಲಿಟ್ಟು ಒತ್ತುವಾಗ ಹತ್ತಿರದಿಂದ ನೋಡಿ. ಹೊರಪದರ ತಕ್ಷಣ ಸೀಳುವುದಿಲ್ಲ. ಮೊದಲು ಒಳಕ್ಕೆ ತಗ್ಗುತ್ತದೆ, ಅಲಗಿನ ಎರಡೂ ಬದಿಯಲ್ಲಿ ಹೊಳೆಯುವ ತೊಗಲು ಬಿಗಿಯಾಗುತ್ತದೆ, ಆಮೇಲೆ ಪಟ್ ಅಂತ ಬಿಟ್ಟುಕೊಡುತ್ತದೆ. ಆ ಒಂದು ಕ್ಷಣದ ತಗ್ಗಿನಲ್ಲಿ ಪದರದೊಳಗೆ ಒತ್ತಡ ಕೂಡಿಕೊಂಡಿರುತ್ತದೆ. ತೊಗಲು ಬಿರಿದಾಗ ರಸ ಸಣ್ಣ ಹನಿಗಳಾಗಿ ಮೇಲಕ್ಕೆ ಚಿಮ್ಮುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದು 2025ರಲ್ಲಿ ಪ್ರಕಟಿಸಿದರು. ಹನಿಗಳ ವೇಗ ಸೆಕೆಂಡಿಗೆ 40 ಮೀಟರ್‌ವರೆಗೂ ಹೋಗುತ್ತದಂತೆ. ಅಲಗು ಮೊಂಡಾದಷ್ಟೂ, ಏಟು ಜೋರಾದಷ್ಟೂ ಹನಿಗಳು ಜಾಸ್ತಿ. ಹರಿತವಾದ ಅಲಗು ನಿಧಾನಕ್ಕೆ ಇಳಿದರೆ ತೀರ ಕಡಿಮೆ.

ಅಂದರೆ ಆವಿಯ ಜೊತೆಗೆ ಹನಿಗಳನ್ನೂ ನಾವೇ ಮುಖಕ್ಕೆ ಎರಚಿಕೊಳ್ಳುತ್ತಿರುತ್ತೇವೆ. ಟಿವಿಯಲ್ಲಿ ತೋರಿಸುವ ಟಕಟಕ ಹೆಚ್ಚುವಿಕೆ ನೋಡಲು ಚೆಂದ, ಕಣ್ಣಿಗೆ ಒಳ್ಳೆಯದಲ್ಲ. ವೃತ್ತಿಪರ ಅಡುಗೆಯವರ ಕೈಯಲ್ಲಿ ಅದು ನಡೆಯುವುದಕ್ಕೆ ಕಾರಣ ವೇಗವಲ್ಲ, ಅವರ ಚಾಕುವಿನ ಹರಿತ.

ಹರಿತ ಸಾಕಷ್ಟಿದೆಯೇ ಅಂತ ನೋಡಲು ಮಾಗಿದ ಟೊಮ್ಯಾಟೊ ಸಾಕು. ಅಲಗನ್ನು ತೊಗಲಿನ ಮೇಲಿಟ್ಟು, ಒತ್ತದೆ, ಚಾಕುವಿನ ಸ್ವಂತ ಭಾರದಲ್ಲಿ ಎಳೆಯಿರಿ. ಸೀಳಿದರೆ ಸರಿ, ಜಾರಿದರೆ ಸಾಣೆಗೆ ಹೊತ್ತಾಗಿದೆ. ಮನೆಯಲ್ಲಿ ಹಿಡಿಯಲು 1000 ಗ್ರಿಟ್‌ನ, ಅಂದರೆ ಮಧ್ಯಮ ನಯದ ಸಾಣೆಕಲ್ಲು ಒಂದಿದ್ದರೆ ಆಯಿತು. ನೀರಿನ ಕಲ್ಲಾದರೆ ಮೊದಲು ಒದ್ದೆ ಮಾಡಿಕೊಳ್ಳಿ. ಅಲಗನ್ನು ಕಲ್ಲಿಗೆ 15ರಿಂದ 20 ಡಿಗ್ರಿ ಕೋನದಲ್ಲಿ ಇಟ್ಟು, ಬುಡದಿಂದ ತುದಿಯವರೆಗೆ ಒಂದೇ ಕೋನದಲ್ಲಿ ಎಳೆಯಬೇಕು. ಇನ್ನೊಂದು ಮಗ್ಗುಲಲ್ಲಿ ಕೂದಲೆಳೆಯಷ್ಟು ಸಣ್ಣ ಏಣು ಬೆರಳಿಗೆ ಸಿಕ್ಕಿತು ಅಂದರೆ ಈ ಮಗ್ಗುಲು ಮುಗಿಯಿತು, ತಿರುಗಿಸಿ. ಏಣು ಇದೆಯೇ ಅಂತ ನೋಡುವಾಗ ಬೆರಳನ್ನು ಅಲಗಿನ ಬೆನ್ನಿನಿಂದ ಅಂಚಿನಾಚೆಗೆ ಸವರಬೇಕು, ಅಂಚಿನುದ್ದಕ್ಕೆ ಎಂದೂ ಅಲ್ಲ. ಹೆಚ್ಚಿನವರು ತಪ್ಪುವುದು ಕೋನದಲ್ಲಿ. ನಡುವೆ ಮಣಿಕಟ್ಟು ಅಲುಗಿದರೆ ಅಂಚು ದುಂಡಗಾಗುತ್ತದೆ, ಎಷ್ಟು ಉಜ್ಜಿದರೂ ಹರಿತ ಕೂಡುವುದಿಲ್ಲ.

ಹಲ್ಲಿರುವ ಚಾಕು ಬೇಡ. ಅದು ಕತ್ತರಿಸುವುದಿಲ್ಲ, ಗರಗಸದ ಹಾಗೆ ಹರಿಯುತ್ತದೆ. ದಪ್ಪ ಅಲಗೂ ಅಷ್ಟೇ. ಅಂಚು ಹರಿತವಿದ್ದರೂ ಹಿಂದಿನ ದಪ್ಪ ಪದರಗಳನ್ನು ಅಗಲಿಸಿ ಬಿರಿಸುತ್ತದೆ. 18ರಿಂದ 20 ಸೆಂಟಿಮೀಟರ್ ಉದ್ದದ, ತೆಳು ಅಲಗಿನ ಚಾಕು ಒಳ್ಳೆಯದು. ಈರುಳ್ಳಿಗಿಂತ ಚಿಕ್ಕ ಅಲಗಾದರೆ ಹಿಂದೆ ಮುಂದೆ ಎಳೆದಾಡಬೇಕಾಗುತ್ತದೆ. ಗಾಜಿನ ಅಥವಾ ಕಲ್ಲಿನ ಹಲಗೆಯ ಮೇಲೆ ಮಾತ್ರ ಹೆಚ್ಚಬೇಡಿ, ಹೊಸ ಅಂಚು ಬೇಗ ಹೋಗಿಬಿಡುತ್ತದೆ. ಮರ ಇಲ್ಲವೇ ಪ್ಲಾಸ್ಟಿಕ್ ಇರಲಿ, ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಹಲಗೆ ಜಾರುವುದಿಲ್ಲ.

ಕತ್ತರಿಸುವ ಕ್ರಮ

ಈರುಳ್ಳಿಗೆ ಎರಡು ತುದಿ. ಕಾಂಡವಿದ್ದ ಚೂಪು ತುದಿ ಒಂದು, ಒಣಬೇರಿನ ಕುಚ್ಚಿರುವ ಬುಡ ಇನ್ನೊಂದು. ಎಲ್ಲ ಪದರಗಳೂ ಬಂದು ಅಂಟಿಕೊಂಡಿರುವುದು ಬುಡದ ಬಿಲ್ಲೆಗೆ. ಕೊನೆಯವರೆಗೂ ಅದನ್ನು ಕತ್ತರಿಸಿ ತೆಗೆಯಬಾರದು.

ಮೊದಲು ಚೂಪು ತುದಿಯನ್ನು ಒಂದು ಸೆಂಟಿಮೀಟರಿನಷ್ಟು ಕತ್ತರಿಸಿ ತೆಗೆಯಿರಿ. ಈಗ ಒಂದು ಚಪ್ಪಟೆ ಮೈ ಸಿಕ್ಕಿತು. ಅದರ ಮೇಲೆ ಈರುಳ್ಳಿಯನ್ನು ತಲೆಕೆಳಗಾಗಿ ನಿಲ್ಲಿಸಿ, ಬುಡದ ನಡುವಿನಿಂದ ನೇರ ಕೆಳಕ್ಕೆ ಸೀಳಿ ಎರಡು ಹೋಳು ಮಾಡಿ. ಎರಡೂ ಹೋಳಿಗೆ ಅರ್ಧರ್ಧ ಬುಡ ಉಳಿಯಬೇಕು. ದುಂಡಗಿರುವ ಈರುಳ್ಳಿಯನ್ನು ಮಲಗಿಸಿ ಸೀಳಲು ಹೋದರೆ ಅದು ಉರುಳುತ್ತದೆ, ಬೆರಳಿಗೂ ಅಪಾಯ. ಸಿಪ್ಪೆ ಸುಲಿಯುವುದು ಈ ಹಂತದಲ್ಲಿ ಸುಲಭ, ಕತ್ತರಿಸಿದ ತುದಿಯಿಂದ ಬುಡದ ಕಡೆಗೆ ಎಳೆದರೆ ಬರುತ್ತದೆ. ಒಣಸಿಪ್ಪೆಯ ಕೆಳಗಿನ ಮೊದಲ ಪದರ ಕೆಲವು ಸಲ ಅರ್ಧ ಒಣಗಿ ಚರ್ಮದಂತೆ ಆಗಿರುತ್ತದೆ. ಉಳಿತಾಯ ಅಂತ ಅದನ್ನು ಬಿಡಬೇಡಿ. ಚಾಕು ಜಾರುವುದು ಅಲ್ಲೇ, ಜಾರಿದಾಗ ಒತ್ತುವುದು ಜಾಸ್ತಿ, ಒತ್ತಿದಾಗ ಹನಿ ಜಾಸ್ತಿ.

ಹೋಳಾದ ಕೂಡಲೇ ಕತ್ತರಿಸಿದ ಮೈಯನ್ನು ಹಲಗೆಗೆ ಬೋರಲು ಹಾಕಿ. ಇದೊಂದು ಅಭ್ಯಾಸಕ್ಕೆ ಖರ್ಚಿಲ್ಲ, ಶ್ರಮವೂ ಇಲ್ಲ, ಆದರೂ ಹೆಚ್ಚಿನವರು ಮಾಡುವುದಿಲ್ಲ. ಒಂದು ಹೋಳು ಹೆಚ್ಚುತ್ತಿರುವಾಗ ಇನ್ನೊಂದು ಹೋಳು ಮುಖಕ್ಕೆ ಎದುರಾಗಿ ಅಂಗಾತ ಬಿದ್ದುಕೊಂಡು ಆವಿ ಬಿಡುತ್ತಿರುತ್ತದೆ.

ಸಣ್ಣ ತುಂಡು ಬೇಕಾದರೆ ಹೋಳಿನ ಬುಡ ನಿಮ್ಮಿಂದ ಆಚೆಗಿರಲಿ. ಚಾಕುವಿನ ತುದಿಯನ್ನು ಬುಡಕ್ಕಿಂತ ಒಂದು ಸೆಂಟಿಮೀಟರ್ ಈಚೆಗೆ ಊರಿ, ಉದ್ದಕ್ಕೆ ಸೀಳುತ್ತ ಬನ್ನಿ. ಸೀಳುಗಳ ನಡುವೆ ಐದಾರು ಮಿಲಿಮೀಟರ್ ಇದ್ದರೆ ಸಾಧಾರಣ ತುಂಡು, ಎರಡು ಮೂರಾದರೆ ಸಣ್ಣದು. ಬುಡ ಹಿಡಿದಿರುವುದರಿಂದ ಹೋಳು ಬಿಚ್ಚಿಕೊಳ್ಳುವುದಿಲ್ಲ. ಆಮೇಲೆ ಹೋಳನ್ನು ಕಾಲು ಸುತ್ತು ತಿರುಗಿಸಿ ಅಡ್ಡಕ್ಕೆ ಹೆಚ್ಚುತ್ತ ಹೋದರೆ ತುಂಡುಗಳು ತಾವಾಗಿ ಉದುರುತ್ತವೆ. ಬೆರಳ ತುದಿ ಒಳಕ್ಕೆ ಮಡಚಿ, ಗೆಣ್ಣು ಚಾಕುವಿನ ಮಗ್ಗುಲಿಗೆ ತಾಗಿಕೊಂಡಿರಲಿ. ಬುಡದ ಹತ್ತಿರ ಬಂದಾಗ ನಿಲ್ಲಿಸಿ, ಆ ಚೂರನ್ನು ಎಸೆಯಿರಿ. ಅದರಲ್ಲಿರುವ ಚಮಚೆಯಷ್ಟು ಈರುಳ್ಳಿಗಾಗಿ ಬುಡವನ್ನು ಚಚ್ಚಿಕೊಂಡು ಕೂರುವುದು ನಷ್ಟದ ವ್ಯಾಪಾರ.

ಹಲಗೆಗೆ ಸಮಾನಾಂತರವಾಗಿ ಮಲಗಿಸಿ ಹಾಕುವ ಸೀಳುಗಳನ್ನು ಅಡುಗೆ ಶಾಲೆಗಳಲ್ಲಿ ಕಲಿಸುತ್ತಾರೆ. ಮನೆಯ ಕೆಲಸಕ್ಕೆ ಅವು ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಈರುಳ್ಳಿ ಹುಟ್ಟಾ ಪದರಪದರವಾಗಿಯೇ ಇದೆ, ಆ ದಿಕ್ಕಿನ ಕೆಲಸ ಆಗಲೇ ಮುಗಿದಿದೆ. ಅಂಗೈಯತ್ತ ಬರುವ ಚಾಕುವಿನ ಅಪಾಯ ಬೇರೆ. ಎರಡು ಬದಿಯಲ್ಲಿ ತುಂಡು ಉದ್ದವಾಗುತ್ತದೆ ಅನ್ನಿಸಿದರೆ ಅಲ್ಲಿ ಮಾತ್ರ ಚಾಕುವನ್ನು ಒಳಕ್ಕೆ ವಾಲಿಸಿ. ಗುರಿ ಹೋಳಿನ ನಡುಮಧ್ಯಕ್ಕಲ್ಲ, ಅದಕ್ಕಿಂತ ಕೆಳಗೆ, ಹಲಗೆಯ ಅಡಿಯಲ್ಲಿ ಎಲ್ಲೋ ಒಂದು ಬಿಂದು ಇದೆ ಅಂದುಕೊಂಡು ವಾಲಿಸಬೇಕು. ನಡುಮಧ್ಯಕ್ಕೇ ಗುರಿಯಿಟ್ಟರೆ ಒಳಗಿನ ತುಂಡು ತೀರ ಚೂರಾಗಿ ಹೊರಗಿನದು ದೊಡ್ಡದಾಗಿಯೇ ಉಳಿಯುತ್ತದೆ.

ಬುಡ ಮೊದಲೇ ತೆಗೆದರೆ ಏನಾಗುತ್ತದೆ? ಎರಡನೆಯ ಸೀಳಿಗೇ ಪದರಗಳು ಒಂದರ ಮೇಲೊಂದು ಜಾರುತ್ತವೆ, ತುಂಡು ಒಂದೊಂದು ಗಾತ್ರಕ್ಕೆ ಬೀಳುತ್ತದೆ. ಆಗ ಎಲ್ಲವನ್ನೂ ರಾಶಿ ಮಾಡಿ, ಚಾಕುವನ್ನು ತೂಗಾಡಿಸುತ್ತ ಮತ್ತೆ ಮತ್ತೆ ಕೊಚ್ಚುವುದು ಶುರು. ಆವಿ ಅತಿ ಹೆಚ್ಚು ಏಳುವುದು ಈ ರಾಶಿ ಕೊಚ್ಚುವಾಗಲೇ, ಏಕೆಂದರೆ ಆಗಲೇ ಕತ್ತರಿಸಿದ ತುಂಡನ್ನೇ ಪುನಃ ಪುನಃ ಜಜ್ಜುತ್ತಿರುತ್ತೇವೆ. ಮೊದಲ ಸುತ್ತಿನಲ್ಲೇ ಬೇಕಾದ ಗಾತ್ರಕ್ಕೆ ಬಂದುಬಿಟ್ಟರೆ ಎರಡನೆಯ ಸುತ್ತೇ ಬೇಡ.

ಉದ್ದ ಎಸಳು ಬೇಕಾದರೆ ಕತ್ತರಿಸುವ ದಿಕ್ಕು ಮುಖ್ಯ. ತುದಿಯಿಂದ ಬುಡಕ್ಕೆ, ಅಂದರೆ ಗೆರೆಗಳ ಉದ್ದಕ್ಕೇ ಸೀಳಿದರೆ ಒಡೆಯುವ ಕೋಶ ಕಡಿಮೆ. ಘಾಟು ಕಡಿಮೆ, ಬೇಯಿಸಿದಾಗ ಎಸಳಿನ ಆಕಾರವೂ ಉಳಿಯುತ್ತದೆ. ಅಡ್ಡಕ್ಕೆ ಬಳೆಯಂತೆ ಕತ್ತರಿಸಿದರೆ ಗೆರೆಗಳೆಲ್ಲ ತುಂಡಾಗುತ್ತವೆ. ಬೇಗ ಕರಗಿಹೋಗಬೇಕಾದ ಅಡುಗೆಗೆ ಅದೇ ಸರಿ, ಕಣ್ಣಿಗೆ ಸ್ವಲ್ಪ ಕಷ್ಟ. ಉದ್ದಕ್ಕೆ ಹೆಚ್ಚುವಾಗ ಬುಡವನ್ನು ಕೊನೆಗೆ ಇಂಗ್ಲಿಷ್ ವಿ ಆಕಾರದಲ್ಲಿ ಕೆತ್ತಿ ತೆಗೆದರೆ ಎಸಳುಗಳು ಬಿಡಿಯಾಗುತ್ತವೆ.

ತುರಿಯುವ ಮಣೆ ಎಲ್ಲಕ್ಕಿಂತ ಕೆಟ್ಟದ್ದು. ಅದರಲ್ಲಿ ಕತ್ತರಿಸುವುದೇ ಇಲ್ಲ, ಅರೆಯುವುದೇ ಎಲ್ಲ. ಮಿಕ್ಸಿ ಅಥವಾ ಚಾಪರ್ ಮುಚ್ಚಳದೊಳಗೆ ಆವಿಯನ್ನು ಹಿಡಿದಿಡುತ್ತದೆ, ಆದರೆ ಮುಚ್ಚಳ ತೆಗೆದ ಕ್ಷಣ ಕೂಡಿಟ್ಟದ್ದೆಲ್ಲ ಒಟ್ಟಿಗೆ ಮುಖಕ್ಕೆ ಬರುತ್ತದೆ. ನಿಂತ ಮೇಲೆ ಐದು ನಿಮಿಷ ಬಿಟ್ಟು, ಮುಖ ಆಚೆ ಹಿಡಿದು, ಗಾಳಿಯಾಡುವ ಕಡೆ ತೆಗೆಯಿರಿ. ಈರುಳ್ಳಿಯನ್ನು ಮೊದಲೇ ನಾಲ್ಕೆಂಟು ಭಾಗ ಮಾಡಿ, ಒಂದೊಂದು ಸೆಕೆಂಡಿನಂತೆ ಬಿಟ್ಟು ಬಿಟ್ಟು ತಿರುಗಿಸಬೇಕು. ಒಂದೇ ಸಮ ಓಡಿಸಿದರೆ ಕೆಳಗೆ ನೀರು, ಮೇಲೆ ದೊಡ್ಡ ಹೋಳು, ರುಚಿಯೂ ಕಹಿಯತ್ತ ತಿರುಗುತ್ತದೆ.

ಗಾಳಿ ಮತ್ತು ಕಣ್ಣು

ಚಾಕು ಸರಿಯಿದ್ದ ಮೇಲೂ ಸ್ವಲ್ಪ ಆವಿ ಇದ್ದೇ ಇರುತ್ತದೆ. ಅದನ್ನು ಬೇರೆ ಕಡೆ ಕಳಿಸಬೇಕು. ಹೊಗೆ ಎಳೆಯುವ ಚಿಮಣಿ ಇದ್ದರೆ ಅದರ ಕೆಳಗೇ ಹಲಗೆ ಇಟ್ಟು ಓಡಿಸಿ. ಇಲ್ಲವಾದರೆ ಟೇಬಲ್ ಫ್ಯಾನನ್ನು ಪಕ್ಕಕ್ಕಿಟ್ಟು, ಗಾಳಿ ಹಲಗೆಯ ಮೇಲಿಂದ ಅಡ್ಡಕ್ಕೆ ಹಾದು ಕಿಟಕಿಯತ್ತ ಹೋಗುವಂತೆ ತಿರುಗಿಸಿ. ಹಲಗೆಯ ಆಚೆಯಿಂದ ನಿಮ್ಮ ಕಡೆಗೆ ಬೀಸುವ ಫ್ಯಾನ್ ಇಲ್ಲದಿರುವುದೇ ಮೇಲು, ಅದು ಆವಿಯನ್ನು ನೇರ ಕಣ್ಣಿಗೆ ತಂದುಕೊಡುತ್ತದೆ. ಸೀಲಿಂಗ್ ಫ್ಯಾನ್ ಆವಿಯನ್ನು ಕೋಣೆಯಲ್ಲೇ ಸುತ್ತಿಸುತ್ತದೆ, ಹೆಚ್ಚೇನೂ ಪ್ರಯೋಜನವಿಲ್ಲ.

ಹಲಗೆಯ ಮೇಲೆ ಬಾಗಬೇಡಿ. ಹಲಗೆ ಸೊಂಟದೆತ್ತರದಲ್ಲಿದ್ದು, ಬೆನ್ನು ನೆಟ್ಟಗಿದ್ದರೆ ಮುಖ ತಾನಾಗಿ ದೂರವಿರುತ್ತದೆ. ಕತ್ತಲಲ್ಲಿ ಹೆಚ್ಚುವವರು ಗೊತ್ತಿಲ್ಲದೆ ಬಾಗುತ್ತಾರೆ, ಬೆಳಕು ಸರಿಯಿದ್ದರೆ ಆ ಅಗತ್ಯ ಬೀಳುವುದಿಲ್ಲ.

ಹೆಚ್ಚಿದ್ದನ್ನು ಹಲಗೆಯ ಮೇಲೆ ಗುಡ್ಡೆ ಹಾಕಬೇಡಿ. ಮುಚ್ಚಳವಿರುವ ಪಾತ್ರೆಗೆ ತಳ್ಳಿ ಮುಚ್ಚಿ. ತಳ್ಳುವಾಗ ಚಾಕುವಿನ ಬೆನ್ನು ಬಳಸಿ, ಅಂಚಿನಿಂದ ಕೆರೆದರೆ ಹರಿತ ಹೋಗುತ್ತದೆ. ಕಿಲೋಗಟ್ಟಲೆ ಹೆಚ್ಚುವುದಿದ್ದರೆ ಮೊದಲು ಎಲ್ಲದರ ಹೊರಸಿಪ್ಪೆ ಸುಲಿದಿಟ್ಟುಕೊಳ್ಳಿ, ಸೀಳುವುದು ಮಾತ್ರ ಒಂದೊಂದಾಗಿ. ಎಲ್ಲವನ್ನೂ ಮೊದಲೇ ಹೋಳು ಮಾಡಿಟ್ಟುಕೊಂಡು ಕೂತರೆ ಅಷ್ಟೂ ಹೋಳು ಒಟ್ಟಿಗೆ ಆವಿ ಬಿಡುತ್ತವೆ. ಎರಡು ಮೂರು ಈರುಳ್ಳಿಗೊಮ್ಮೆ ಹಲಗೆಯ ರಸವನ್ನು ಒದ್ದೆ ಬಟ್ಟೆಯಿಂದ ಒರೆಸಿ.

ಕಣ್ಣಿಗೆ ತಡೆ ಹಾಕುವುದಾದರೆ ಸುತ್ತಲೂ ರಬ್ಬರ್ ಅಂಚಿರುವ ಈಜುಗನ್ನಡಕವೇ ಸರಿ. ನಗುವವರು ನಗಲಿ, ಇಷ್ಟು ಖಚಿತವಾಗಿ ಕೆಲಸ ಮಾಡುವ ಸಾಧನ ಇನ್ನೊಂದಿಲ್ಲ. ಸಾಮಾನ್ಯ ಕನ್ನಡಕ ಹನಿಗಳನ್ನು ತಡೆದೀತು, ಬದಿಯಿಂದ ನುಗ್ಗುವ ಆವಿಯನ್ನಲ್ಲ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ ಕಣ್ಣುರಿ ಕಡಿಮೆ, ಏಕೆಂದರೆ ಲೆನ್ಸ್ ಕಾರ್ನಿಯಾದ ಮೇಲೆಯೇ ಕೂತಿರುತ್ತದೆ. ಲೆನ್ಸ್ ತೆಗೆದ ದಿನ ಇದ್ದಕ್ಕಿದ್ದಂತೆ ಅಳು ಬಂದರೆ ಈರುಳ್ಳಿಯನ್ನು ಬೈಯಬೇಡಿ.

ತಂಪು, ನೀರು, ಬಿಸಿ

ಹೆಚ್ಚುವ ಮುಂಚೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ ಅನ್ನುವುದು ಹಳೆಯ ಸಲಹೆ. ತಣ್ಣಗಿದ್ದರೆ ಕಿಣ್ವ ನಿಧಾನ, ಆವಿಯಾಗುವುದೂ ನಿಧಾನ, ಹಾಗಾಗಿ ತರ್ಕ ಸರಿಯಿದೆ. ಆದರೆ ಮೇಲೆ ಹೇಳಿದ ಕಾರ್ನೆಲ್ ಪ್ರಯೋಗದಲ್ಲಿ ತಣಿಸಿದ ಈರುಳ್ಳಿಯಿಂದ ಚಿಮ್ಮಿದ ರಸ ಕಡಿಮೆಯಾಗಲಿಲ್ಲ, ಜಾಸ್ತಿಯೇ ಆಯಿತು. ಹಾಗಾಗಿ ತಂಪನ್ನು ಹರಿತಕ್ಕೆ ಬದಲಿ ಅಂತ ನಂಬಬೇಡಿ. ಚಾಕು ಚೆನ್ನಾಗಿದ್ದು, ಈರುಳ್ಳಿ ತೀರ ಘಾಟಾಗಿದ್ದರೆ ಅರ್ಧ ಗಂಟೆ ಇಟ್ಟು ನೋಡಬಹುದು. ಫ್ರೀಜರ್‌ನಲ್ಲಿ ಮರೆತುಬಿಟ್ಟರೆ ಮಾತ್ರ ಕೆಲಸ ಕೆಟ್ಟಿತು: ಹಿಮದ ಹರಳು ಕೋಶಗಳನ್ನು ಒಳಗೇ ಒಡೆದು, ಕರಗಿದಾಗ ಈರುಳ್ಳಿ ಮೆತ್ತಗೆ ನೀರು ಬಿಡುತ್ತದೆ. ಇಡಿ ಈರುಳ್ಳಿಯನ್ನು ವಾರಗಟ್ಟಲೆ ಫ್ರಿಜ್‌ನಲ್ಲಿ ಇಡುವುದೂ ಸರಿಯಲ್ಲ, ತೇವಕ್ಕೆ ಕೊಳೆಯುತ್ತದೆ.

ಸುಲಿದು ಸೀಳಿದ ಹೋಳುಗಳನ್ನು ಹತ್ತು ಹದಿನೈದು ನಿಮಿಷ ತಣ್ಣೀರಲ್ಲಿ ಹಾಕಿಟ್ಟರೆ ಮೇಲ್ಮೈಯ ರಸ ತೊಳೆದುಹೋಗುತ್ತದೆ, ಅಷ್ಟರಮಟ್ಟಿಗೆ ಉಪಯೋಗವಿದೆ. ಹೊಸದಾಗಿ ಕತ್ತರಿಸಿದ ಕಡೆ ಹೊಸ ಆವಿ ಹುಟ್ಟುವುದನ್ನು ಅದು ತಡೆಯುವುದಿಲ್ಲ. ಒದ್ದೆ ಹೋಳು ಜಾರುತ್ತದೆ, ಒರೆಸಿಕೊಂಡೇ ಹೆಚ್ಚಬೇಕು. ಹುರಿಯುವುದಿದ್ದರೆ ಆ ನೀರಿನಂಶ ಎಣ್ಣೆಯಲ್ಲಿ ಸಿಡಿಯುತ್ತದೆ. ನೀರಿನೊಳಗೇ ಮುಳುಗಿಸಿ ಹೆಚ್ಚುವ ಉಪಾಯ ಆವಿಯನ್ನು ತಡೆಯುತ್ತದೆ ನಿಜ, ಆದರೆ ಕಾಣದ ನೀರಲ್ಲಿ ಹರಿತವಾದ ಚಾಕು ಆಡಿಸುವುದು ಬುದ್ಧಿವಂತಿಕೆಯಲ್ಲ.

ಬಿಸಿ ಕಿಣ್ವವನ್ನು ಕೆಡಿಸುತ್ತದೆ, ಅದಕ್ಕೇ ಬೇಯಿಸಿದ ಈರುಳ್ಳಿ ಕಣ್ಣಿಗೆ ಏನೂ ಮಾಡುವುದಿಲ್ಲ. ರುಬ್ಬಲೆಂದೇ ಹೆಚ್ಚುವುದಾದರೆ ಸುಲಿದ ಇಡಿ ಈರುಳ್ಳಿಯನ್ನು ಮೊದಲು ಕುದಿಸಿ, ಆಮೇಲೆ ರುಬ್ಬಿ. ಆ ಸಂದರ್ಭಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಮೈಕ್ರೋವೇವ್‌ನಲ್ಲಿ ಅರ್ಧ ನಿಮಿಷ ಇಟ್ಟರೆ ಹೊರಪದರ ಮೆತ್ತಗಾಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ, ಹಸಿ ತಿನ್ನಲು ಅದು ಪ್ರಯೋಜನಕ್ಕಿಲ್ಲ. ಹಲಗೆಗೆ ವಿನೆಗರ್ ಅಥವಾ ನಿಂಬೆರಸ ಸವರುವುದರಿಂದ ಹಲಗೆಗೆ ತಾಗಿದ ಮೈಯಲ್ಲಿ ಕಿಣ್ವ ಸ್ವಲ್ಪ ತಗ್ಗೀತು, ಆವಿ ಏಳುವುದು ಮೇಲಿನ ಮೈಯಿಂದ.

ಮೇಣದಬತ್ತಿ, ಬ್ರೆಡ್ಡು, ಬಾಯಲ್ಲಿ ಚಮಚ ಇವು ಆವಿಯನ್ನೂ ತಡೆಯುವುದಿಲ್ಲ, ಕೋಶವನ್ನೂ ಉಳಿಸುವುದಿಲ್ಲ.

ಈರುಳ್ಳಿಯಲ್ಲೂ ವ್ಯತ್ಯಾಸವಿದೆ. ಗಂಧಕ ಕಡಿಮೆ ಇರುವ ಮಣ್ಣಲ್ಲಿ ಬೆಳೆದ, ನೀರಿನಂಶ ಜಾಸ್ತಿಯಿರುವ ಸಿಹಿ ತಳಿಗಳು ಮೃದು. ಬಹುಕಾಲ ಬಾಳುವ, ಗಟ್ಟಿ, ಬಿಗಿ ಸಿಪ್ಪೆಯ ಈರುಳ್ಳಿ ಸಾಮಾನ್ಯವಾಗಿ ಘಾಟು. ಹಸಿರು ಎಲೆಯ ಈರುಳ್ಳಿ ತೊಂದರೆ ಕೊಡುವುದು ಅಪರೂಪ. ಕಣ್ಣೀರು ಬರಿಸದ ತಳಿಗಳನ್ನೂ ಬೆಳೆಸಿದ್ದಾರೆ, ಎರಡನೆಯ ಕಿಣ್ವ ಕಂಡುಹಿಡಿದ ಆ ಜಪಾನಿ ಕಂಪನಿಯೇ ಅಂಥದ್ದೊಂದನ್ನು ಮಾರಾಟಕ್ಕೆ ತಂದಿತು. ಹಸಿಯಾಗಿ ತಿನ್ನಲು ಅವು ಹಿತ. ಆದರೆ ಈರುಳ್ಳಿಯ ಪರಿಮಳ ಹುಟ್ಟುವುದೂ ಅದೇ ಗಂಧಕದ ಸಂಯುಕ್ತಗಳಿಂದ, ಹಾಗಾಗಿ ಘಾಟು ತೀರ ಕಡಿಮೆಯಿರುವ ಈರುಳ್ಳಿ ಹುರಿದಾಗ ಸಪ್ಪೆ ಅನ್ನಿಸುವುದು ಸಹಜ.

ಇಷ್ಟಾದರೂ ಕಣ್ಣು ಉರಿದರೆ ಚಾಕು ಕೆಳಗಿಡಿ. ಕಣ್ಣು ಮಂಜಾಗಿರುವಾಗ ಬೆರಳು ಕೊಯ್ದುಕೊಳ್ಳುವುದು ಬಲು ಸುಲಭ. ಕೈಯಿಂದ ಉಜ್ಜಬೇಡಿ, ಬೆರಳಲ್ಲಿರುವ ರಸ ನೇರ ಕಣ್ಣಿಗೆ ಹೋಗುತ್ತದೆ. ಎರಡು ಹೆಜ್ಜೆ ಆಚೆ ಹೋಗಿ ರೆಪ್ಪೆ ಬಡಿಯುತ್ತ ನಿಂತರೆ ಕಣ್ಣೀರೇ ತೊಳೆದುಬಿಡುತ್ತದೆ. ತಡೆಯಲಾರದಷ್ಟು ಉರಿದರೆ ಮೊದಲು ಸೋಪು ಹಚ್ಚಿ ಕೈ ತೊಳೆದು, ಆಮೇಲೆ ಶುದ್ಧವಾದ ತಣ್ಣೀರು ಕಣ್ಣಿಗೆ ಎರಚಿಕೊಳ್ಳಿ. ಲೆನ್ಸ್ ತೆಗೆಯುವ ಮುಂಚೆಯೂ ಇದೇ ಕ್ರಮ, ಕೈಯನ್ನು ಸೋಪಿನಲ್ಲಿ ಎರಡು ಸಲ ತೊಳೆದು, ಉಗುರಿನ ಸಂದಿಯನ್ನೂ ಬಿಡದೆ ಉಜ್ಜಿ.